ಪೇಟೆಯೊಳಗೆ ಕೈಗೆಟಕುವ ಮನೆ: ಹಾಸನ ಜಿಲ್ಲೆಯ ನಾಲ್ಕು ಪಟ್ಟಣಗಳು

ದಿನಗೂಲಿ, ಸಣ್ಣ ಸಂಬಳ ಅಥವಾ ಬೀದಿ ವ್ಯಾಪಾರದಿಂದ ಬದುಕುವ ಕುಟುಂಬ ಹೊಟ್ಟೆ ಬಟ್ಟೆಗೆ ಕೊರತೆ ಮಾಡಿಕೊಳ್ಳದೆ ಸ್ವಂತಕ್ಕೋ ಬಾಡಿಗೆಗೋ ಹಿಡಿಯಬಲ್ಲ ಮನೆ, ಅದೂ ಕೆಲಸ, ಶಾಲೆ, ಆಸ್ಪತ್ರೆ, ಸಂತೆಗಳಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ: ಪೇಟೆಯೊಳಗಿನ ಕೈಗೆಟಕುವ ವಸತಿ ಎಂದರೆ ಇಷ್ಟು. ಕರ್ನಾಟಕದಲ್ಲಿ ಈ ಮಾತು ಬಂದಾಗಲೆಲ್ಲ ಬೆಂಗಳೂರಿನ ಚರ್ಚೆಯೇ ನಡೆಯುತ್ತದೆ. ಆದರೆ ಸಮಸ್ಯೆಯ ಬುಡ ಸ್ಪಷ್ಟವಾಗಿ ಕಾಣುವುದು ಜಿಲ್ಲಾ ಮತ್ತು ತಾಲ್ಲೂಕು ಕೇಂದ್ರಗಳಲ್ಲಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳು ಅದಕ್ಕೆ ಒಳ್ಳೆಯ ನಿದರ್ಶನ.

2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17,76,421. ಇದರಲ್ಲಿ ಪಟ್ಟಣವಾಸಿಗಳು ಸುಮಾರು ಐದನೇ ಒಂದು ಪಾಲು. ಸುತ್ತಲಿನ ಬೆಳವಣಿಗೆಯನ್ನೂ ಸೇರಿಸಿದರೆ ಹಾಸನ ನಗರದಲ್ಲಿ ಆಗಲೇ ಒಂದೂವರೆ ಲಕ್ಷ ಜನರಿದ್ದರು. ಉಳಿದ ಮೂರು ಪಟ್ಟಣಗಳು ಚಿಕ್ಕವು. 2001ರ ಗಣತಿಯಲ್ಲಿ ಚನ್ನರಾಯಪಟ್ಟಣದ ಜನ ಸುಮಾರು 33 ಸಾವಿರ, ಹೊಳೆನರಸೀಪುರದವರು 27 ಸಾವಿರ, ಅರಕಲಗೂಡಿನವರು 15 ಸಾವಿರ. ಇಷ್ಟು ಚಿಕ್ಕ ಊರುಗಳಲ್ಲಿಯೂ ಪೇಟೆಯಲ್ಲಿ ದುಡಿಯುವವರಿಗೆ ಪೇಟೆಯೊಳಗೆ ಮನೆ ಸಿಗುವುದು ಕಷ್ಟವಾಗಿದೆ. ಮನೆ ಕಟ್ಟಲು ಸರ್ಕಾರದ ನೆರವು ಉಂಟು. ಕಟ್ಟುವುದಕ್ಕೆ ಪೇಟೆಯಲ್ಲಿ ನೆಲ ಕೊಡುವ ಏರ್ಪಾಡು ಇಲ್ಲ. ಈ ನಾಲ್ಕು ಊರುಗಳ ವಸತಿ ಪ್ರಶ್ನೆಯೆಲ್ಲ ಬಂದು ನಿಲ್ಲುವುದು ಇಲ್ಲಿಗೇ.

ಕೋಟೆ, ಪೇಟೆ, ಕೇರಿ

ನಾಲ್ಕರಲ್ಲಿ ಮೂರು ಊರುಗಳು ಪಾಳೆಯಗಾರರ ಕೋಟೆಗಳ ಸುತ್ತ ಬೆಳೆದವು. ಹೇಮಾವತಿಯ ದಡದ ಹೊಳೆನರಸೀಪುರದ ಕೋಟೆಯನ್ನು 1168ರಲ್ಲಿ ನರಸಿಂಹ ನಾಯಕನೆಂಬ ಸ್ಥಳೀಯ ಒಡೆಯ ಕಟ್ಟಿಸಿದನೆಂದು ಹಳೆಯ ಗ್ಯಾಸೆಟಿಯರ್‌ಗಳು ಹೇಳುತ್ತವೆ. ಅರಕಲಗೂಡನ್ನು 16ನೇ ಶತಮಾನದಲ್ಲಿ ಕೃಷ್ಣಪ್ಪ ನಾಯಕ ಕಟ್ಟಿದ. ಕೊಳತೂರು ಎಂಬ ಹಳ್ಳಿಯನ್ನು ಸುಮಾರು 1600ರಲ್ಲಿ ಹೊಳೆನರಸೀಪುರದ ಲಕ್ಷ್ಮಪ್ಪ ನಾಯಕ ಗೆದ್ದು ಮಗ ಚನ್ನರಾಯನಿಗೆ ಕೊಟ್ಟ, ಅದೇ ಚನ್ನರಾಯಪಟ್ಟಣವಾಯಿತು.

ಇಂಥ ಊರುಗಳ ವಿನ್ಯಾಸ ಹೆಚ್ಚುಕಡಿಮೆ ಒಂದೇ. ಕೋಟೆಯೊಳಗೆ ದೇವಸ್ಥಾನ, ಅಗ್ರಹಾರ, ಅಧಿಕಾರದವರ ಮನೆಗಳು. ಕೋಟೆ ಬಾಗಿಲಿನ ಆಚೆ ವ್ಯಾಪಾರದ ಪೇಟೆ ಬೀದಿ. ಅದರಾಚೆ ಕುಶಲಕರ್ಮಿಗಳ, ಕೂಲಿಕಾರರ, ದಲಿತರ ಕೇರಿಗಳು. ಊರು ನಾಲ್ಕೂ ದಿಕ್ಕಿಗೆ ಬೆಳೆದಾಗ, ಒಂದು ಕಾಲಕ್ಕೆ ಅಂಚಿನಲ್ಲಿದ್ದ ಕೇರಿಗಳು ನಡುವಿಗೆ ಬಂದವು. ಅಂಚು ಎಂದು ಯಾರೂ ಕೇಳದಿದ್ದ ನೆಲ ಇಂದು ಮುಖ್ಯರಸ್ತೆಯ ಬೆನ್ನಿಗಿದೆ. ಅಲ್ಲಿಯ ನಿವಾಸಿಗಳ ಕೈಯಲ್ಲಿ ಬಹಳ ಸಲ ದಾಖಲೆ ಇಲ್ಲ. ಸುತ್ತಲಿನ ಬೆಲೆಯೇರಿಕೆಯ ಲಾಭ ಅವರಿಗೆ ದಕ್ಕದೆ, ಒಕ್ಕಲೆಬ್ಬಿಸುವ ಒತ್ತಡ ಮಾತ್ರ ಹೆಚ್ಚುತ್ತದೆ.

ಹಾಸನದ ಬೆಳವಣಿಗೆಯ ದಾರಿ ಬೇರೆ. ಜಿಲ್ಲಾ ಕೇಂದ್ರವಾಗಿ, ಬೆಂಗಳೂರು–ಮಂಗಳೂರು ರಸ್ತೆಯ ಮೇಲಿನ ಊರಾಗಿ ಅದು ಹಿಗ್ಗಿತು. 1960ರಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಬಂತು. 1980ರ ದಶಕದಲ್ಲಿ ಇಸ್ರೊ ಸಂಸ್ಥೆಯ ಉಪಗ್ರಹ ನಿಯಂತ್ರಣ ಕೇಂದ್ರ, 2006ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು, ಮುಂದೆ ಕೈಗಾರಿಕಾ ಪ್ರದೇಶದ ಜವಳಿ ಗಿರಣಿಗಳು ಬಂದವು. ಪ್ರತಿ ಸಂಸ್ಥೆಯ ಹಿಂದೆಯೂ ಅಡುಗೆಯವರು, ಆಯಾಗಳು, ಕಾವಲುಗಾರರು, ಸ್ವಚ್ಛತಾ ಕೆಲಸದವರು ಬಂದರು. ಕೃಷ್ಣರಾಜಪುರ, ವಿದ್ಯಾನಗರ, ಕುವೆಂಪುನಗರ, ಹೇಮಾವತಿನಗರದಂಥ ಬಡಾವಣೆಗಳೂ, ನಗರಾಭಿವೃದ್ಧಿ ಪ್ರಾಧಿಕಾರದ ಎಸ್.ಎಂ. ಕೃಷ್ಣ ನಗರವೂ ಮುಖ್ಯವಾಗಿ ನಿವೇಶನ ಕೊಳ್ಳಬಲ್ಲ ನೌಕರ ವರ್ಗಕ್ಕೆ ಒದಗಿದವು. ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ನಸುಕಿನಲ್ಲೇ ಮೂಟೆ ಇಳಿಸುವವರಿಗೆ ಈ ಯಾವ ಬಡಾವಣೆಯಲ್ಲಿಯೂ ಜಾಗವಿರಲಿಲ್ಲ.

ವಠಾರ ಮತ್ತು ಪಾಲಿನ ಮನೆ

ಯೋಜನೆಗಳು ಬರುವ ಮುನ್ನ ಬಡವರಿಗೆ ಪೇಟೆಯೊಳಗೆ ನೆಲೆ ಕೊಟ್ಟದ್ದು ವಠಾರ. ಬೀದಿಯ ಕಡೆ ಮಾಲೀಕರ ಮನೆ ಅಥವಾ ಅಂಗಡಿ, ಪಕ್ಕದಲ್ಲೊಂದು ಓಣಿ, ಒಳಗೆ ನಡುವೆ ಅಂಗಳ, ಸುತ್ತ ನಾಡಹೆಂಚಿನದೋ ಮಂಗಳೂರು ಹೆಂಚಿನದೋ ಸೂರಿನ ಕೆಳಗೆ ಸಾಲಾಗಿ ಎರಡೆರಡು ಕೋಣೆಯ ಮನೆಗಳು. ಮುಂದಿನದು ಪಡಸಾಲೆ, ಹಿಂದಿನದು ಅಡುಗೆಮನೆ. ಬಾವಿ ಅಥವಾ ನಲ್ಲಿ, ಬಟ್ಟೆ ಒಗೆಯುವ ಕಲ್ಲು, ಕಕ್ಕಸು ಎಲ್ಲರಿಗೂ ಸೇರಿದ್ದು. ಟೈಲರು, ಹೋಟೆಲ್ ಮಾಣಿ, ಪ್ರಾಥಮಿಕ ಶಾಲೆಯ ಮೇಷ್ಟರು, ಹೂ ಕಟ್ಟುವ ವಿಧವೆ ಒಂದೇ ಅಂಗಳದಲ್ಲಿ ಇರುತ್ತಿದ್ದರು. ಖಾಸಗಿತನ ಕಡಿಮೆ, ನೈರ್ಮಲ್ಯ ಅಷ್ಟಕ್ಕಷ್ಟೆ. ಆದರೂ ಬಾಡಿಗೆ ಎಟಕುತ್ತಿತ್ತು, ಪೇಟೆ ಕಾಲ್ನಡಿಗೆಯ ದೂರದಲ್ಲಿತ್ತು.

ವಠಾರಗಳು ಕಡಿಮೆಯಾಗಲು ಎರಡು ಕಾರಣ. ಬೀದಿಬದಿಯ ನೆಲಕ್ಕೆ ವಾಸದ ಬಾಡಿಗೆಗಿಂತ ಅಂಗಡಿ ಬಾಡಿಗೆ ಎಷ್ಟೋ ಪಾಲು ಹೆಚ್ಚು ಬರತೊಡಗಿತು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯಡಿ ಬಾಡಿಗೆ ಏರಿಸುವುದೂ ಬಿಡಿಸುವುದೂ ಕಷ್ಟವಾದ್ದರಿಂದ ಮಾಲೀಕರು ದುರಸ್ತಿ ನಿಲ್ಲಿಸಿದರು. ಆ ಕಾಯ್ದೆಯ ಜಾಗದಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬರುವ ಹೊತ್ತಿಗೆ ಎಷ್ಟೋ ಸೂರುಗಳು ಕುಸಿಯುವ ಸ್ಥಿತಿಯಲ್ಲಿದ್ದವು.

ಇನ್ನೊಂದು ಕಥೆ ಪಾಲಿನದು. ಪೇಟೆ ಬೀದಿಯ ಹಳೆಯ ನಿವೇಶನಗಳು ಅಗಲದಲ್ಲಿ ಕಿರಿದು, ಉದ್ದದಲ್ಲಿ ಬಹಳ. ಇಪ್ಪತ್ತು ಅಡಿ ಅಗಲ, ಎಂಬತ್ತು ಅಡಿ ಉದ್ದದ ಮನೆಯೊಂದನ್ನು ಮೂವರು ಅಣ್ಣತಮ್ಮಂದಿರು ಹಂಚಿಕೊಂಡರೆ, ಎಲ್ಲರಿಗೂ ಬೀದಿ ಬಾಗಿಲು ಬೇಕೆಂದು ಉದ್ದಕ್ಕೇ ಸೀಳುತ್ತಾರೆ. ಒಬ್ಬೊಬ್ಬರಿಗೆ ಏಳು ಅಡಿಯೂ ಇಲ್ಲದ ಪಟ್ಟಿ ಉಳಿಯುತ್ತದೆ. ಗಾಳಿ ಬೆಳಕಿಗೆಂದು ಪಕ್ಕದಲ್ಲಿ ಜಾಗ ಬಿಟ್ಟರೆ ಕಟ್ಟಲು ಏನೂ ಮಿಗುವುದಿಲ್ಲ. ಬಿಡದಿದ್ದರೆ ನಕ್ಷೆಗೆ ಮಂಜೂರಾತಿ ಇಲ್ಲ. ಖಾತೆ ಇನ್ನೂ ತಾತನ ಹೆಸರಿನಲ್ಲೇ ಇದ್ದರೆ ಪೌತಿ ಖಾತೆಗೆ ಎಲ್ಲ ವಾರಸುದಾರರ ಒಪ್ಪಿಗೆ ಬೇಕು. ಖಾತೆ ಇಲ್ಲದೆ ಪರವಾನಗಿ ಇಲ್ಲ, ಪರವಾನಗಿ ಇಲ್ಲದೆ ಬ್ಯಾಂಕ್ ಸಾಲವಿಲ್ಲ, ದಾಖಲೆ ಇಲ್ಲದೆ ವಸತಿ ಯೋಜನೆಯ ಪಟ್ಟಿಗೂ ಸೇರುವಂತಿಲ್ಲ. ಕಾಗದದ ಮೇಲೆ ಪೇಟೆಯ ನಡುವೆ ಆಸ್ತಿ ಇರುವವರು ಎಂದು ಎಣಿಸಲಾದ ಕುಟುಂಬಗಳೇ ಸೋರುವ ಮನೆಯಲ್ಲಿ ಉಳಿಯುತ್ತವೆ.

ಈ ಇಕ್ಕಟ್ಟಿಗೆ ರಾಷ್ಟ್ರಮಟ್ಟದ ಲೆಕ್ಕವೂ ಹೊಂದುತ್ತದೆ. ಅಮಿತಾಭ್ ಕುಂಡು ಅಧ್ಯಕ್ಷತೆಯ ತಜ್ಞರ ತಂಡ 2012ರಲ್ಲಿ ದೇಶದ ಪಟ್ಟಣಗಳಲ್ಲಿ 1.88 ಕೋಟಿ ಮನೆಗಳ ಕೊರತೆಯಿದೆ ಎಂದು ಅಂದಾಜಿಸಿತು. ಕರ್ನಾಟಕದ ಪಾಲು ಸುಮಾರು 10 ಲಕ್ಷ. ಕೊರತೆಯ ಶೇ 80ರಷ್ಟು ಬಂದದ್ದು ಸೂರಿಲ್ಲದವರಿಂದಲ್ಲ, ಒಂದೇ ಮನೆಯಲ್ಲಿ ಇಕ್ಕಟ್ಟಾಗಿ ಬದುಕುವ ಸಂಸಾರಗಳಿಂದ. ಕೊರತೆ ಅನುಭವಿಸುವವರಲ್ಲಿ ಶೇ 95ಕ್ಕೂ ಹೆಚ್ಚು ಮಂದಿ ಆರ್ಥಿಕವಾಗಿ ದುರ್ಬಲರು ಮತ್ತು ಕಡಿಮೆ ವರಮಾನದವರು. ಅದೇ ಹೊತ್ತಿಗೆ, 2011ರ ಗಣತಿಯಲ್ಲಿ, ದೇಶದ ಪಟ್ಟಣಗಳಲ್ಲಿ 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವು.

ಸಂಸ್ಥೆಗಳು ಮತ್ತು ಯೋಜನೆಗಳು

ರಾಜ್ಯದಲ್ಲಿ ವಸತಿಯ ಹೊಣೆ ಹಲವು ಕೈಗಳಲ್ಲಿ ಹಂಚಿದೆ. 1962ರ ಕಾಯ್ದೆಯಡಿ ರೂಪುಗೊಂಡ ಕರ್ನಾಟಕ ಗೃಹ ಮಂಡಳಿ ನಿವೇಶನ ಮತ್ತು ಮನೆಗಳನ್ನು ಮಾರುತ್ತದೆ. 1973ರ ಕೊಳಚೆ ಪ್ರದೇಶಗಳ ಕಾಯ್ದೆಯಿಂದ 1975ರಲ್ಲಿ ಹುಟ್ಟಿದ ಕೊಳಚೆ ನಿರ್ಮೂಲನ ಮಂಡಳಿ ಈಗ ಕೊಳಗೇರಿ ಅಭಿವೃದ್ಧಿ ಮಂಡಳಿ. ‘ನಿರ್ಮೂಲನ’ ಹೋಗಿ ‘ಅಭಿವೃದ್ಧಿ’ ಬಂದದ್ದರ ಹಿಂದೆ, ಜನರನ್ನು ಎಬ್ಬಿಸುವ ಬದಲು ಇದ್ದಲ್ಲೇ ಮನೆ ಕಟ್ಟಿಕೊಡಬೇಕೆಂಬ ನೀತಿಯ ಬದಲಾವಣೆಯಿದೆ. 1987ರ ಕಾಯ್ದೆ ಹಾಸನದಂಥ ಊರುಗಳಿಗೆ ನಗರಾಭಿವೃದ್ಧಿ ಪ್ರಾಧಿಕಾರ ತಂದಿತು. 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ, ಹೆಸರಿನಲ್ಲಿ ಗ್ರಾಮೀಣವಾದರೂ, ಪಟ್ಟಣಗಳ ಬಡವರ ಯೋಜನೆಗಳನ್ನೂ ನಡೆಸುತ್ತದೆ.

ಜನರ ನಾಲಿಗೆಯ ಮೇಲಿರುವುದು ಯೋಜನೆಗಳ ಹೆಸರು: 1970ರ ದಶಕದ ಜನತಾ ಮನೆ, 1990ರ ದಶಕದ ಆಶ್ರಯ ಮನೆ, ಆಮೇಲೆ ವಾಜಪೇಯಿ ನಗರ ವಸತಿ, ಅಂಬೇಡ್ಕರ್ ನಿವಾಸ, ಪೌರಕಾರ್ಮಿಕರಿಗೆ ಗೃಹಭಾಗ್ಯ. ಪಟ್ಟಣಗಳಲ್ಲಿ ಫಲಾನುಭವಿಗಳನ್ನು ಆರಿಸುವುದು ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ. ಆಶ್ರಯ ನಿವೇಶನವೆಂದರೆ ಸಾಮಾನ್ಯವಾಗಿ 20×30 ಅಡಿ. ಅದಕ್ಕೆ ಬೇಕಾದ ಸರ್ಕಾರಿ ಜಮೀನು ಊರಾಚೆಯ ಗೋಮಾಳದಲ್ಲೋ ಹೊಸದಾಗಿ ಕೊಂಡ ಹೊಲದಲ್ಲೋ ಸಿಗುತ್ತದೆ. ಬಡವರ ಬಡಾವಣೆಗಳು ಊರ ಹೊರಗೆ ನಿಂತದ್ದಕ್ಕೆ ಯಾರ ಕೇಡಿಗತನವೂ ಕಾರಣವಲ್ಲ. ಅಗ್ಗದ ನೆಲ ಇದ್ದದ್ದೇ ಅಲ್ಲಿ.

2015ರ ಜೂನ್ 25ರಂದು ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ (ನಗರ) ನಾಲ್ಕು ದಾರಿ ತೋರಿಸಿತು: ಕೊಳಗೇರಿ ಇದ್ದಲ್ಲೇ ಮರುನಿರ್ಮಾಣ, ಸಾಲದ ಬಡ್ಡಿಗೆ ಸಹಾಯಧನ, ಪಾಲುದಾರಿಕೆಯ ವಸತಿ ಸಮುಚ್ಚಯ, ಸ್ವಂತ ನಿವೇಶನದಲ್ಲಿ ಫಲಾನುಭವಿಯೇ ಕಟ್ಟಿಕೊಳ್ಳುವ ಮನೆ. ವರ್ಷಕ್ಕೆ 3 ಲಕ್ಷ ರೂ. ಒಳಗಿನ ವರಮಾನದವರು ಆರ್ಥಿಕವಾಗಿ ದುರ್ಬಲರು. ಅವರ ಮನೆಗೆ 30 ಚದರ ಮೀಟರ್ ಅಳತೆ. ಕೊನೆಯ ಎರಡು ದಾರಿಗಳಲ್ಲಿ ಕೇಂದ್ರದ ನೆರವು 1.5 ಲಕ್ಷ ರೂ. ಇತ್ತು. ಮನೆ ಹೆಂಗಸಿನ ಹೆಸರಿನಲ್ಲಿ ಅಥವಾ ಜಂಟಿಯಾಗಿ ಇರಬೇಕೆಂಬ ನಿಯಮ ಈ ಯೋಜನೆಯ ದೊಡ್ಡ ಗುಣ.

ಸಮುಚ್ಚಯದ ದಾರಿಗೆ ಒಂದು ಷರತ್ತು ಇತ್ತು. ಒಂದು ಯೋಜನೆಯಲ್ಲಿ ಕನಿಷ್ಠ 250 ಮನೆಗಳಿರಬೇಕು, ಅವುಗಳಲ್ಲಿ ಶೇ 35 ದುರ್ಬಲ ವರ್ಗಕ್ಕೆ ಮೀಸಲಿರಬೇಕು. ಮಹಾನಗರಕ್ಕೆ ಇದು ಸಣ್ಣ ಸಂಖ್ಯೆ. ಹದಿನೈದು ಸಾವಿರ ಜನರ ಅರಕಲಗೂಡಿನ ಪೇಟೆಯಲ್ಲಿ ಅಷ್ಟು ಮನೆಗಳಿಗೆ ಒಟ್ಟಾಗಿ ಸಿಗುವ ನೆಲವೆಲ್ಲಿದೆ? ಅಲ್ಲಿ ಹನ್ನೆರಡು ಮನೆಗೆ ಒಂದು ಜಾಗ, ಇಪ್ಪತ್ತಕ್ಕೆ ಇನ್ನೊಂದು ಜಾಗ ಹುಡುಕಬಹುದು. ಊರಿನ ಅಳತೆಗೂ ಯೋಜನೆಯ ಅಳತೆಗೂ ತಾಳೆಯಾಗದಿರುವುದು ಸಣ್ಣ ಪಟ್ಟಣಗಳ ನಿರಂತರ ತೊಡಕು.

ಮೂರು ಚದರದ ಲೆಕ್ಕ

ಮೇಸ್ತ್ರಿಗಳ ಲೆಕ್ಕದಲ್ಲಿ ನೂರು ಚದರಡಿ ಒಂದು ಚದರ. 30 ಚದರ ಮೀಟರ್ ಎಂದರೆ ಮೂರು ಚದರಕ್ಕೆ ಸ್ವಲ್ಪ ಮೇಲೆ: ಒಂದು ಹಾಲ್, ಒಂದು ಕೋಣೆ, ಅಡುಗೆಮನೆ, ಬಚ್ಚಲು. ಚದರಡಿಗೆ 2,000 ರೂ. ಎಂದಿಟ್ಟುಕೊಂಡರೂ ಕಟ್ಟುವ ಖರ್ಚೇ ಆರೂವರೆ ಲಕ್ಷದ ಹತ್ತಿರ ಹೋಗುತ್ತದೆ. ಯೋಜನೆಯ ಆ ಹಂತದಲ್ಲಿ ಕೇಂದ್ರ ಕೊಡುತ್ತಿದ್ದ ಒಂದೂವರೆ ಲಕ್ಷ ಕಳೆದರೆ ಉಳಿದದ್ದು ಐದು ಲಕ್ಷ. ಅದನ್ನು ಶೇ 9ರ ಬಡ್ಡಿಯಲ್ಲಿ ಇಪ್ಪತ್ತು ವರ್ಷಕ್ಕೆ ಸಾಲ ಪಡೆದರೆ ತಿಂಗಳ ಕಂತು ಸುಮಾರು 4,500 ರೂ. ತಿಂಗಳಿಗೆ ಹದಿನೈದು ಸಾವಿರ ದುಡಿಯುವ ಮನೆ ಬಿಗಿ ಹಿಡಿದು ಇದನ್ನು ಕಟ್ಟಬಲ್ಲದು. ಇಷ್ಟೂ ಲೆಕ್ಕದಲ್ಲಿ ನೆಲದ ಬೆಲೆ ಸೊನ್ನೆ. ಪೇಟೆಯ ನಿವೇಶನದ ಬೆಲೆಯನ್ನು ಸೇರಿಸಿದ ಕೂಡಲೇ ಲೆಕ್ಕ ಕೈಮೀರುತ್ತದೆ.

ಸಹಾಯಧನ ಕೈಸೇರುವ ರೀತಿಯಲ್ಲೂ ತೊಂದರೆಯಿದೆ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂಬ ನಾಲ್ಕು ಹಂತಗಳಲ್ಲಿ ಕಟ್ಟಡದ ಫೋಟೊ, ಜಿಪಿಎಸ್ ಗುರುತಿನೊಂದಿಗೆ ದಾಖಲಾದ ಮೇಲೆ ಕಂತು ಬಿಡುಗಡೆಯಾಗುತ್ತದೆ. ದುರ್ಬಳಕೆ ತಡೆಯಲು ಇದು ಒಳ್ಳೆಯ ಕ್ರಮ. ಆದರೆ ಮೊದಲು ಕೈಯಿಂದ ಹಾಕಿ ಆಮೇಲೆ ಪಡೆಯಬೇಕಾದ್ದರಿಂದ ಬಡವರು ಕೈಸಾಲಕ್ಕೆ, ಚಿನ್ನದ ಸಾಲಕ್ಕೆ ಇಳಿಯುತ್ತಾರೆ. ಲಿಂಟಲ್ ಮಟ್ಟದಲ್ಲಿ ನಿಂತು, ಕಬ್ಬಿಣದ ಸರಳು ತುಕ್ಕು ಹಿಡಿಯುತ್ತಿರುವ ಮನೆಗಳ ಹಿಂದಿನ ಕಾರಣ ಬಹುಪಾಲು ಇದೇ.

ದೂರದ ಬೆಲೆ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಹೆಂಗಸರ ಬಸ್ ಖರ್ಚನ್ನು ಇಳಿಸಿತು, ನಿಜ. ಆದರೆ ಊರಾಚೆಯ ಬಡಾವಣೆಗೆ ಬಸ್ಸು ಯಾವ ಹೊತ್ತಿಗೆ ಬರುತ್ತದೆ ಎಂಬುದು ಟಿಕೆಟ್ಟಿನಷ್ಟೇ ಮುಖ್ಯ. ಬೆಳಗಿನ ಐದೂವರೆಗೆ ಪೊರಕೆ ಹಿಡಿದು ನಿಲ್ಲಬೇಕಾದ ಪೌರಕಾರ್ಮಿಕ ಮಹಿಳೆಗೆ, ರಾತ್ರಿ ಹತ್ತಕ್ಕೆ ಹೋಟೆಲ್ ಮುಚ್ಚಿ ಹೊರಡುವ ಅಡುಗೆಯವನಿಗೆ ಆಟೋ ಬಿಟ್ಟು ಬೇರೆ ದಾರಿಯಿಲ್ಲ. ಕೆಲವರು ಆಶ್ರಯ ಮನೆಗೆ ಬೀಗ ಹಾಕಿ ಪೇಟೆಯ ಒಂದು ಕೋಣೆಗೆ ಬಾಡಿಗೆ ಕೊಟ್ಟು ಇರುವುದು ಈ ಕಾರಣಕ್ಕೆ. ಅದನ್ನು ಕೃತಘ್ನತೆ ಎಂದು ಬಗೆಯುವುದು ಅನ್ಯಾಯ.

ಬಾಡಿಗೆ, ಭೋಗ್ಯ ಮತ್ತು ‘ನೀವು ಯಾವ ಜನ?’

ಈ ಪಟ್ಟಣಗಳಲ್ಲಿ ಮನೆ ಹಿಡಿಯಲು ಎರಡು ರೂಢಿಗಳಿವೆ. ಒಂದು, ಹಲವು ತಿಂಗಳ ಮುಂಗಡ ಕೊಟ್ಟು ತಿಂಗಳ ಬಾಡಿಗೆ. ಇನ್ನೊಂದು ಭೋಗ್ಯ: ಎರಡು ಮೂರು ವರ್ಷಕ್ಕೆ ಒಂದು ಗಂಟು ಹಣ ಕೊಟ್ಟು ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಹಣ ಹಿಂಪಡೆಯುವುದು. ಮಾಲೀಕರಿಗೆ ಬಡ್ಡಿಯಿಲ್ಲದ ಸಾಲ, ಬಾಡಿಗೆದಾರರಿಗೆ ತಿಂಗಳ ನೆಮ್ಮದಿ. ಕರಾರು ಬಾಯಿಮಾತಿನದಾದರೆ, ಅಥವಾ ಮಾಲೀಕರು ಹಣ ಖರ್ಚು ಮಾಡಿಕೊಂಡುಬಿಟ್ಟರೆ, ಜೀವಮಾನದ ಉಳಿತಾಯ ಸಿಕ್ಕಿಹಾಕಿಕೊಳ್ಳುತ್ತದೆ. ಭೋಗ್ಯದ ಕರಾರನ್ನು ಕಡಿಮೆ ಖರ್ಚಿನಲ್ಲಿ ನೋಂದಾಯಿಸುವ ಸೌಲಭ್ಯ ವಸತಿ ನೀತಿಯ ಭಾಗವಾಗಬೇಕು.

ಹಣ ಹೊಂದಿಸಿದರೂ ಎಲ್ಲರಿಗೂ ಬಾಗಿಲು ತೆರೆಯುವುದಿಲ್ಲ. ‘ನೀವು ಯಾವ ಜನ?’, ‘ಮಾಂಸ ಮಾಡ್ತೀರಾ?’ ಎಂಬ ಪ್ರಶ್ನೆಗಳು ಮುಂಗಡದ ಮಾತಿಗಿಂತ ಮೊದಲು ಬರುತ್ತವೆ. ದಲಿತ ಮತ್ತು ಮುಸ್ಲಿಂ ಕುಟುಂಬಗಳು ಹಳೆಯ ಕೇರಿ, ಮೊಹಲ್ಲಾಗಳಲ್ಲೇ ಹೆಚ್ಚು ಬಾಡಿಗೆ ಕೊಟ್ಟು ಒತ್ತೊತ್ತಾಗಿ ಬದುಕಬೇಕಾಗುತ್ತದೆ. ಖಾಸಗಿ ಮಾರುಕಟ್ಟೆ ಈ ಗೋಡೆಯನ್ನು ತಾನಾಗಿ ಒಡೆಯುವುದಿಲ್ಲ. ಸ್ಥಳೀಯ ಸಂಸ್ಥೆಯೇ ಮಾಲೀಕನಾಗಿರುವ ಬಾಡಿಗೆ ಮನೆಗಳು ಪೇಟೆಯೊಳಗೆ ಬೇಕು ಎನ್ನುವುದಕ್ಕೆ ಇದು ಬಲವಾದ ಕಾರಣ.

ಬೇರೆ ಊರುಗಳ ಅನುಭವ

ಪೇಟೆಯ ನಡುವಿನ ಸರ್ಕಾರಿ ನೆಲ ಎಷ್ಟು ಸುಲಭವಾಗಿ ಕೈಬಿಟ್ಟುಹೋಗುತ್ತದೆ ಎಂಬುದಕ್ಕೆ ಬೆಂಗಳೂರಿನ ಈಜಿಪುರ ಸಾಕ್ಷಿ. ಕೋರಮಂಗಲದ ಪಕ್ಕದಲ್ಲಿ ದುರ್ಬಲ ವರ್ಗದವರಿಗೆಂದು ಪಾಲಿಕೆ ಕಟ್ಟಿದ್ದ ವಸತಿಗೃಹಗಳು ಶಿಥಿಲವಾಗಿ 2007ರಲ್ಲಿ ಒಂದು ಬ್ಲಾಕ್ ಕುಸಿಯಿತು. ಮರುನಿರ್ಮಾಣಕ್ಕೆ ಖಾಸಗಿ ಪಾಲುದಾರಿಕೆಯ ಒಪ್ಪಂದವಾಯಿತು. ನೆಲದ ಒಂದು ಭಾಗ ವಾಣಿಜ್ಯ ಸಂಕೀರ್ಣಕ್ಕೆ ಮೀಸಲಾಯಿತು. 2013ರ ಜನವರಿಯಲ್ಲಿ ಸುಮಾರು 1,500 ಕುಟುಂಬಗಳನ್ನು ಅಲ್ಲಿಂದ ಎಬ್ಬಿಸಲಾಯಿತು.

ಚಿಲಿ ದೇಶದ ಇಕಿಕೆ ನಗರದ ನಡುವೆ 93 ಕುಟುಂಬಗಳು ಮೂವತ್ತು ವರ್ಷ ಅರ್ಧ ಹೆಕ್ಟೇರ್ ಜಾಗವನ್ನು ಒತ್ತುವರಿ ಮಾಡಿಕೊಂಡು ಬದುಕಿದ್ದವು. ಆ ನೆಲದ ಬೆಲೆ ಬಡವರ ವಸತಿ ಯೋಜನೆಗಳು ಸಾಮಾನ್ಯವಾಗಿ ಕೊಡುವುದಕ್ಕಿಂತ ಮೂರು ಪಟ್ಟು ಹೆಚ್ಚು. ಆದರೂ ಊರಾಚೆಗೆ ಕಳಿಸದೆ, ವಾಸ್ತುಶಿಲ್ಪಿ ಅಲೆಹಾಂಡ್ರೊ ಅರಾವೆನಾ ಅವರ ತಂಡ 2004ರ ವೇಳೆಗೆ ಅಲ್ಲೇ ‘ಅರ್ಧ ಮನೆ’ಗಳನ್ನು ಕಟ್ಟಿತು. ತಳಪಾಯ, ಛಾವಣಿ, ಬಚ್ಚಲು, ಅಡುಗೆಮನೆ, ಮೆಟ್ಟಿಲು ಸರ್ಕಾರದ ಹಣದಲ್ಲಿ; ಪಕ್ಕದಲ್ಲಿ ಬಿಟ್ಟ ಖಾಲಿ ಜಾಗವನ್ನು ಕುಟುಂಬಗಳು ಕೈಯಲ್ಲಿ ಕಾಸು ಕೂಡಿದಂತೆ ತುಂಬಿಕೊಂಡವು. ಹಂತಹಂತವಾಗಿ ಮನೆ ಕಟ್ಟುವುದು ಹಾಸನದ ಕಡೆಯ ಜನಕ್ಕೆ ಹೊಸದಲ್ಲ. ಆ ರೂಢಿಯನ್ನೇ ನಕ್ಷೆಯೊಳಗೆ ಸೇರಿಸಿಕೊಂಡದ್ದು ಇಕಿಕೆಯ ವಿಶೇಷ.

ಆಸ್ಟ್ರಿಯಾದ ವಿಯೆನ್ನಾ ನಗರ 1920ರ ದಶಕದಿಂದ ಪಾಲಿಕೆಯ ಬಾಡಿಗೆ ಮನೆಗಳನ್ನು ಕಟ್ಟುತ್ತ ಬಂದು ಇಂದು ಎರಡು ಲಕ್ಷಕ್ಕೂ ಹೆಚ್ಚು ಮನೆಗಳ ಮಾಲೀಕನಾಗಿದೆ. ಅವನ್ನು ಮಾರದೆ ಉಳಿಸಿಕೊಂಡದ್ದರಿಂದಲೇ ನಡುಪೇಟೆಯ ಹತ್ತಿರವೂ ಕೂಲಿಕಾರರು ಉಳಿದಿದ್ದಾರೆ.

ನಾಲ್ಕು ಊರುಗಳಲ್ಲಿ ಸಾಧ್ಯವಿರುವುದು

ಸ್ಥಳೀಯ ಸಂಸ್ಥೆಗಳಿಗೆ ಪೇಟೆಯ ನಡುವೆ ಸ್ವಂತ ಆಸ್ತಿಯಿದೆ: ಹರಾಜಿನ ಮೇಲೆ ಬಾಡಿಗೆಗೆ ಹೋಗುವ ಮಳಿಗೆಗಳು, ಹಳೆಯ ವಸತಿಗೃಹಗಳು, ಸಂತೆಯ ಅಂಚಿನ ತುಂಡು ಜಾಗಗಳು. ಒಂದೇ ಅಂತಸ್ತಿನ ಮಳಿಗೆಗಳನ್ನು ಮತ್ತೆ ಕಟ್ಟುವಾಗ ಕೆಳಗೆ ಅಂಗಡಿ, ಮೇಲೆ ಎರಡು ಮೂರು ಅಂತಸ್ತು ಬಾಡಿಗೆ ಮನೆ ಎಂದು ನಿರ್ಧರಿಸಿದರೆ ನೆಲದ ಬೆಲೆಯ ಪ್ರಶ್ನೆಯೇ ಏಳುವುದಿಲ್ಲ. ಲಿಫ್ಟಿನ ಖರ್ಚೂ ಬರುವುದಿಲ್ಲ. ಅಂಗಡಿ ಬಾಡಿಗೆಯಿಂದಲೇ ಮೇಲಿನ ಮನೆಗಳ ಸುಣ್ಣಬಣ್ಣ, ನೀರು, ಒಳಚರಂಡಿಯ ನಿರ್ವಹಣೆ ನಡೆಯುತ್ತದೆ. ಸ್ಥಳೀಯ ಸಂಸ್ಥೆಯ ಆಯವ್ಯಯದಲ್ಲಿ ಪರಿಶಿಷ್ಟರಿಗೆ ಮೀಸಲಾದ ಶೇ 24.10, ಇತರ ಬಡವರ ಶೇ 7.25, ಅಂಗವಿಕಲರ ಶೇ 5ರ ನಿಧಿಗಳ ಒಂದು ಪಾಲನ್ನು ವರ್ಷವರ್ಷವೂ ಇದಕ್ಕೆ ತೆಗೆದಿಟ್ಟರೆ ಐದಾರು ವರ್ಷದಲ್ಲಿ ಒಂದು ಕಟ್ಟಡ ಏಳಬಲ್ಲದು.

ಹಾಸನದಲ್ಲಿ ಇಂಥ ಮನೆಗಳು ಹಳೆಯ ಬಸ್ ನಿಲ್ದಾಣ, ಕಟ್ಟಿನಕೆರೆ ಮಾರುಕಟ್ಟೆ, ಜಿಲ್ಲಾಸ್ಪತ್ರೆಗಳ ಸುತ್ತ ಬೇಕು. ಬಾಡಿಗೆದಾರರೆಲ್ಲ ಅಲ್ಲೇ ದುಡಿಯುವವರು. 2017ರಲ್ಲಿ ಬೆಂಗಳೂರಿಗೆ ನೇರ ರೈಲುದಾರಿ ತೆರೆದ ಮೇಲೆ, ಹೆದ್ದಾರಿ ಮತ್ತು ರೈಲು ಎರಡೂ ಇರುವ ಚನ್ನರಾಯಪಟ್ಟಣದಲ್ಲಿ ನೆಲ ಇನ್ನೂ ತುಟ್ಟಿಯಾಗುವ ಮುನ್ನ ಸರ್ಕಾರಿ ಜಾಗಗಳನ್ನು ಗುರುತಿಸಿ ಕಾಯ್ದಿಡುವುದು ಮೊದಲ ಕೆಲಸ. ಹೊಳೆನರಸೀಪುರದ ಕೋಟೆ ಮತ್ತು ಪೇಟೆಗಳಲ್ಲಿ ಪಾಲಿನ ಮನೆಗಳ ತೊಡಕು ಬಿಡಿಸಬೇಕು: ಅಕ್ಕಪಕ್ಕದ ಪಾಲುದಾರರು ಒಟ್ಟಾಗಿ ಅರ್ಜಿ ಹಾಕಿದರೆ ಗೋಡೆಗೆ ಗೋಡೆ ಅಂಟಿಸಿ, ನಡುವೆ ಬೆಳಕಿನ ತೊಟ್ಟಿ ಬಿಟ್ಟು ಕಟ್ಟಲು ಒಂದೇ ನಕ್ಷೆಗೆ ಮಂಜೂರಾತಿ ಕೊಡಬೇಕು. ತೊಟ್ಟಿಮನೆ ಕಟ್ಟಿದ ನಾಡಿಗೆ ಈ ವಿನ್ಯಾಸ ಕಲಿಸಬೇಕಾಗಿಲ್ಲ. ರೈಲಿಲ್ಲದ, ಪಟ್ಟಣ ಪಂಚಾಯಿತಿಯ ಸಣ್ಣ ವರಮಾನದ ಅರಕಲಗೂಡಿಗೆ ಹತ್ತು ಹನ್ನೆರಡು ಮನೆಗಳ ಕಟ್ಟಡಕ್ಕೂ ಅನುದಾನ ಕೊಡುವ ನಿಯಮ ಬೇಕು.

2024ರಲ್ಲಿ ಒಪ್ಪಿಗೆ ಪಡೆದ ಆವಾಸ್ ಯೋಜನೆಯ ಎರಡನೇ ಹಂತ ಐದು ವರ್ಷಕ್ಕೆ ಒಂದು ಕೋಟಿ ಕುಟುಂಬಗಳ ಗುರಿಯಿಟ್ಟುಕೊಂಡಿದೆ. ಮನೆಯೊಂದಕ್ಕೆ 2.50 ಲಕ್ಷ ರೂ. ವರೆಗೆ ನೆರವಿದೆ, ಬಾಡಿಗೆ ವಸತಿಗೆ ಪ್ರತ್ಯೇಕ ವಿಭಾಗವೂ ಇದೆ. 2025ರಲ್ಲಿ ರಾಜ್ಯ ಸರ್ಕಾರ ಪಟ್ಟಣಗಳ ದಾಖಲೆಯಿಲ್ಲದ ಆಸ್ತಿಗಳಿಗೆ ಬಿ-ಖಾತಾ ಕೊಡುವ ಅಭಿಯಾನ ನಡೆಸಿತು. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡ ಪಟ್ಟಣವಾಸಿಗಳಿಗೆ ಹಕ್ಕುಪತ್ರ ಕೊಡಲು ಭೂಕಂದಾಯ ಕಾಯ್ದೆಯ 94ಸಿಸಿ ಕಲಮು ಈಗಾಗಲೇ ಇದೆ. ಕೇರಿಗಳ ನಿವಾಸಿಗಳಿಗೆ ಮೊದಲು ಹಕ್ಕುಪತ್ರ, ಪಾಲುದಾರರಿಗೆ ಖಾತೆ, ಆಮೇಲೆ ಅದೇ ಜಾಗದಲ್ಲಿ ಕಟ್ಟಲು ನೆರವು ಎಂಬ ಅನುಕ್ರಮದಲ್ಲಿ ಈ ಮೂರನ್ನೂ ಒಂದೇ ಕಚೇರಿಯ ಒಂದೇ ಅರ್ಜಿಯಲ್ಲಿ ಸೇರಿಸುವ ಅಧಿಕಾರ ಜಿಲ್ಲಾಡಳಿತದ ಕೈಯಲ್ಲಿದ್ದರೆ, ಈ ನಾಲ್ಕು ಊರುಗಳಲ್ಲಿ ಹೊಸ ಜಮೀನು ಕೊಳ್ಳದೆಯೇ ಕೆಲಸ ಶುರುಮಾಡಬಹುದು.